ಗೌರವಧನದ ಬಾಕಿ

ಸೆಪ್ಟೆಂಬರ್ 5ರ ಬೆಳಗ್ಗೆ ಏಳು ಗಂಟೆಗೆಲ್ಲ ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಅರವತ್ತು ಮೆಸೇಜು. ರಾಧಾಕೃಷ್ಣನ್ ಫೋಟೋ, ಉರಿಯೋ ದೀಪ, ಗುಲಾಬಿ ಹೂವು, ಗುರುವನ್ನು ತ್ರಿಮೂರ್ತಿಗಳಿಗೆ ಸಮ ಮಾಡೋ ಶ್ಲೋಕ. ನಾನೂ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕ್ಯಾಬಿನೊಳಗೆ ಕೂತು ಕೈ ಮುಗಿಯೋ ಎಮೋಜಿ ಎರಡು ಹಾಕಿದೆ. ಆಮೇಲೆ ದುಬೈನಲ್ಲಿರೋ ಒಬ್ಬ, "ನಮ್ಮ ಟೀಚರಿಗೆ ಗ್ರೂಪಿನ ಪರವಾಗಿ ಒಂದು ಶಾಲು ಹೊದಿಸಿ ಫೋಟೋ ಹಾಕ್ರಪ್ಪ" ಅಂದ. ಊರಲ್ಲೇ ಇರೋ ಎಸ್‌ಡಿಎಂಸಿ ಸದಸ್ಯ ಉತ್ತರ ಕೊಟ್ಟ: "ಅವ್ರು ಜೂನಲ್ಲೇ ಬಿಟ್ರಲ್ಲ ಮಾರಾಯ. ಈಗ ಕೊಪ್ಪದಲ್ಲಿ ಬಟ್ಟೆ ಅಂಗಡೀಲಿ ಇದಾರೆ."

ಗ್ರೂಪು ಸ್ವಲ್ಪ ಹೊತ್ತು ಸುಮ್ಮನಾಯ್ತು. ಆಮೇಲೆ ಯಾರೋ ಇನ್ನೊಂದು ಗುಲಾಬಿ ಹಾಕಿದರು.

ನಾನು ಫೋನು ಮಡಗಿ ಹೊರಗೆ ನೋಡ್ತಾ ಕೂತೆ. ಯಾಕಂದ್ರೆ ಆ ಟೀಚರಿಗೆ ಸಂಬಳ ಕೊಡ್ತಿದ್ದದ್ದು ನಾವು. ಎಷ್ಟು ಕೊಡಬೇಕು ಅಂತ ನಿಗದಿ ಮಾಡಿದ್ದು, ಹೆಚ್ಚುಕಮ್ಮಿ, ನಾನು.

ಕೊಪ್ಪ ತಾಲೂಕಿನ ನಮ್ಮೂರ ಶಾಲೆ ಐದನೇ ಕ್ಲಾಸಿನವರೆಗೆ ಮಾತ್ರ. ನಾನು ಓದುವಾಗ ಎಂಬತ್ತು ಚಿಲ್ಲರೆ ಮಕ್ಕಳಿದ್ವಿ. 2023ರ ಹೊತ್ತಿಗೆ ಇಪ್ಪತ್ತಮೂರು. ದಿನಾ ಬೆಳಗ್ಗೆ ಕೊಪ್ಪದ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ವ್ಯಾನು ಬಂದು ನಮ್ಮ ಶಾಲೆಯ ಗೇಟಿನ ಎದುರೇ ನಿಂತು ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತೆ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಐದನೇ ಕ್ಲಾಸಿನವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ಇಬ್ಬರು, ಐದು ಕ್ಲಾಸು. ಒಬ್ಬರು ತರಬೇತಿಗೋ ಮೀಟಿಂಗಿಗೋ ಹೋದರೆ ಉಳಿದವರೇ ನಲಿ-ಕಲಿಯಿಂದ ಹಿಡಿದು ಐದನೇ ಕ್ಲಾಸಿನ ಭಾಗಾಕಾರದ ತನಕ ಎಲ್ಲ ನೋಡಬೇಕು, ಜೊತೆಗೆ ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್ ಹಾಜರಿ. ಎಲ್‌ಕೆಜಿ ಯುಕೆಜಿ ಶುರು ಮಾಡಿ, ಸ್ವಲ್ಪ ಇಂಗ್ಲಿಷು ಕಲಿಸಿದರೆ ವ್ಯಾನಿಗೆ ಹೋಗೋ ಮಕ್ಕಳನ್ನ ಹಿಡಿದಿಟ್ಟುಕೋಬಹುದು ಅಂತ ಎಸ್‌ಡಿಎಂಸಿಯವರು ಹೇಳಿದರು. ಅದಕ್ಕೆ ಸರ್ಕಾರ ಹುದ್ದೆ ಕೊಡಲ್ಲ. ಹಾಗಾಗಿ ನಮ್ಮನ್ನು ಕೇಳಿದರು. ಮಲೆನಾಡಲ್ಲಿ, ಕರಾವಳಿಯಲ್ಲಿ ಎಷ್ಟೋ ಶಾಲೆ ಹೀಗೇ ನಡೀತಿವೆ. ಹಳೇ ವಿದ್ಯಾರ್ಥಿಗಳು, ದಾನಿಗಳು ಸೇರಿ ದುಡ್ಡು ಹಾಕಿ ಒಬ್ಬ ಶಿಕ್ಷಕಿಯನ್ನು ಇಟ್ಟುಕೊಳ್ಳೋದು. ಅವರಿಗೆ 'ಗೌರವ ಶಿಕ್ಷಕಿ' ಅಂತ ಹೆಸರು.

ಗೌರವ ಶಿಕ್ಷಕಿಯಾಗಿ ಬಂದವಳು ನನ್ನ ಕ್ಲಾಸ್‌ಮೇಟು. ಅದೇ ಶಾಲೆಯಲ್ಲಿ ಒಂದೇ ಮಣೆ ಮೇಲೆ ಕೂತವರು ನಾವು. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಅವಳಿಗೆ ನನಗಿಂತ ಆರು ಮಾರ್ಕ್ಸು ಜಾಸ್ತಿ. ಪಿಯುಸಿ ಆದ ಮೇಲೆ ಅವಳಿಗೆ ಡಿ.ಎಡ್. ಸೀಟು ಸಿಕ್ಕಿತು, ನನಗೆ ಬಿ.ಇ. ಆಗ ಊರವರ ದೃಷ್ಟಿಯಲ್ಲಿ ಗೆದ್ದವಳು ಅವಳೇ. ಡಿ.ಎಡ್. ಅಂದರೆ ಸರ್ಕಾರಿ ಕೆಲಸ ಕೈಯಲ್ಲಿದ್ದ ಹಾಗೆ. ನಮ್ಮಪ್ಪ ಮಾತ್ರ ಬ್ಯಾಂಕಿನಲ್ಲಿ ಎಜುಕೇಶನ್ ಲೋನಿನ ಕಾಗದಕ್ಕೆ ಸೈನ್ ಹಾಕಿ ಬಂದು ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲ.

ಆಮೇಲೆ ಅವಳು ಒಂಬತ್ತು ವರ್ಷ ಅತಿಥಿ ಶಿಕ್ಷಕಿಯಾಗಿದ್ದಳು. ಮೂರು ತಾಲೂಕು ಸುತ್ತಿದ್ದಾಳೆ. ಎರಡು ವರ್ಷ ಶೃಂಗೇರಿ ತಾಲೂಕಿನಲ್ಲಿ ಕಿಗ್ಗದಿಂದ ಒಳಗಿನ ಒಂದು ಶಾಲೆ, ಒಂದು ವರ್ಷ ನರಸಿಂಹರಾಜಪುರ ಕಡೆ ಭದ್ರಾ ಹಿನ್ನೀರಿನ ಅಂಚಿನದ್ದು, ಉಳಿದದ್ದು ಕೊಪ್ಪ ತಾಲೂಕಲ್ಲೇ ಅಲ್ಲಿ ಇಲ್ಲಿ. ಜೂನಲ್ಲಿ ಬರಬೇಕು, ಮಾರ್ಚ್ ಮುಗಿದ ಮೇಲೆ ಹೋಗಬೇಕು, ಮತ್ತೆ ಜೂನಲ್ಲಿ ಅರ್ಜಿ. ಮಧ್ಯೆ ವರ್ಗಾವಣೆಯಾಗಿ ಖಾಯಂ ಶಿಕ್ಷಕರು ಬಂದರೆ ಅತಿಥಿ ಆವತ್ತೇ ಚೀಲ ಕಟ್ಟಬೇಕು. ನಮ್ಮ ಕಡೆ ಅತಿಥಿ ಅಂದ್ರೆ ಕಾಲಿಗೆ ನೀರು ಕೊಟ್ಟು, ಬಾಯಿಗೆ ಬೆಲ್ಲ ಕೊಟ್ಟು, ಹೊರಟಾಗ ಇನ್ನೂ ಒಂದು ದಿನ ಇರಿ ಅಂತ ಬಲವಂತ ಮಾಡೋದು. ಸರ್ಕಾರಿ ಕನ್ನಡದಲ್ಲಿ ಆ ಶಬ್ದದ ಅರ್ಥ ಬೇರೆ.

ಆ ಸರ್ಕಾರಿ ಅತಿಥಿಗೆ ಪ್ರಾಥಮಿಕ ಶಾಲೆಯಲ್ಲಿ ಸಿಗ್ತಿದ್ದದ್ದು ತಿಂಗಳಿಗೆ 7,500. 2022ರಲ್ಲಿ 10,000 ಆಯ್ತು. 2025ರ ಬಜೆಟ್‌ನಲ್ಲಿ 2,000 ಏರಿಸಿ 12,000 ಮಾಡಿದರು. ಅದೂ ತಿಂಗಳ ಕೊನೆಗೆ ಬರೋದಲ್ಲ, ಅನುದಾನ ಬಿಡುಗಡೆಯಾದಾಗ ಬರೋದು. ಒಮ್ಮೆ ಅವಳಿಗೆ ಜೂನಿನದ್ದು ಬಂದದ್ದು ದೀಪಾವಳಿ ಕಳೆದ ಮೇಲೆ. ಅದೇ ಕೆಲಸ ಮಾಡೋ ಖಾಯಂ ಪ್ರಾಥಮಿಕ ಶಿಕ್ಷಕರಿಗೆ ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 41,300ರಿಂದ ಶುರು. ಆ ಆಯೋಗ ಬಂದ ಮೇಲೆ, ಅಂದರೆ 2024ರ ಆಗಸ್ಟಿನಿಂದ, ರಾಜ್ಯ ಸರ್ಕಾರಿ ನೌಕರರಲ್ಲಿ ಅತ್ಯಂತ ಕೆಳಗಿನವರ ಮೂಲ ವೇತನವೂ 27,000. ಖಾಯಂನವರಿಗೆ ಜಾಸ್ತಿ ಆಯ್ತು ಅಂತ ನಾನು ಹೇಳ್ತಿಲ್ಲ. ಅವರಿಗೆ ಸಿಗೋದು ಸರಿಯಾದ ಸಂಬಳ. ನೆಲ ಅಂತ ಒಂದಿದೆ, ಅದರ ಕೆಳಗೂ ಜನ ನಿಂತಿದ್ದಾರೆ ಅಂತಷ್ಟೇ ಹೇಳ್ತಿದೀನಿ. 2025-26ರಲ್ಲಿ ರಾಜ್ಯದಲ್ಲಿ ಹಾಗೆ ನಿಲ್ಲೋಕೆ ಮಂಜೂರಾದವರು 51,000 ಜನ. (ಬಿಸಿಯೂಟದ ಅಡುಗೆಯವರದ್ದು ಇದಕ್ಕೂ ಕಡಿಮೆ. ಅದನ್ನ ಬರೆಯೋಕೆ ಹೊರಟರೆ ಇದು ಮುಗಿಯಲ್ಲ.)

ಇವಳು ಟಿಇಟಿ ಪಾಸು. 2022ರಲ್ಲಿ 15,000 ಶಿಕ್ಷಕರ ನೇಮಕಾತಿ ಬಂತು, ಆದರೆ ಅದು ಪದವೀಧರ ಶಿಕ್ಷಕರದ್ದು. ಇವಳದ್ದು ಪಿಯುಸಿ ಜೊತೆ ಡಿ.ಎಡ್. ಡಿಗ್ರಿ ಇಲ್ಲ. 2023ರ ಜೂನಲ್ಲಿ ಇವಳಿದ್ದ ಶಾಲೆಗೆ ಖಾಯಂ ಶಿಕ್ಷಕರು ಬಂದರು. ಮನೇಲಿ ಅತ್ತೆಗೆ ಪಾರ್ಶ್ವವಾಯು. ಎರಡು ಬಸ್ ಬದಲಾಯಿಸಿ ಹೋಗೋ ಸ್ಥಿತಿಯಲ್ಲಿ ಅವಳಿರಲಿಲ್ಲ. ನಮ್ಮ ಶಾಲೆ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ.

ಈಗ ನಾನು ಮಾಡಿದ ಘನಕಾರ್ಯಕ್ಕೆ ಬರ್ತೀನಿ.

ಆ ಜೂನಿನ ಒಂದು ಭಾನುವಾರ ರಾತ್ರಿ ಹದಿನಾಲ್ಕು ಜನ ಜೂಮ್ ಕಾಲಿನಲ್ಲಿ ಸೇರಿದೆವು. ಬೆಂಗಳೂರು, ದುಬೈ, ಪುಣೆ, ಒಬ್ಬ ಟೊರೊಂಟೊ. ನಾನು ಸ್ಕ್ರೀನ್ ಶೇರ್ ಮಾಡಿ ಸ್ಪ್ರೆಡ್‌ಶೀಟ್ ತೋರಿಸಿದೆ. ಆಗಷ್ಟೇ ಟೀಮ್ ಲೀಡ್ ಆಗಿದ್ದೆ, ಪ್ರಪಂಚದ ಎಲ್ಲಾ ಸಮಸ್ಯೆಗೂ ಸ್ಪ್ರೆಡ್‌ಶೀಟ್ ಮಾಡೋ ಹುಮ್ಮಸ್ಸು. ಪುಣೆಯವನು ಹತ್ತು ಸಾವಿರ ಕೊಡೋಣ ಅಂದ. ಇನ್ನೊಬ್ಬಳು ಎಂಟಾದರೂ ಇರಲಿ ಅಂದಳು. ನಾನು "ಸಸ್ಟೇನಬಲ್ ಆಗಿರಬೇಕು" ಅಂದೆ. ಆ ಶಬ್ದವನ್ನೇ ಬಳಸಿದೆ. ಜನ ಮೊದಲ ವರ್ಷ ಕೊಡ್ತಾರೆ, ಎರಡನೇ ವರ್ಷ ಬಿಡ್ತಾರೆ, ಆರು ಸಾವಿರದಿಂದ ಶುರು ಮಾಡೋಣ, ಜೂನ್‌ನಿಂದ ಮಾರ್ಚ್ ತನಕ, ಹತ್ತು ತಿಂಗಳು. "ಊರಲ್ಲೇ ಮನೆ ಇದೆ, ಬಾಡಿಗೆ ಇಲ್ಲ, ಬಸ್ ಚಾರ್ಜ್ ಇಲ್ಲ, ಖರ್ಚೇನಿದೆ?" ಅಂದೆ. ಎಲ್ಲರೂ ಒಪ್ಪಿದರು. ಅಪ್ರೈಸಲ್ ಟೈಮಲ್ಲಿ ನಮ್ಮ ಮ್ಯಾನೇಜರು "ನಿನಗೆ ಸ್ವಂತ ಮನೆ ಇದೆಯಲ್ಲ, ಹೈಕ್ ಯಾಕೆ" ಅಂದರೆ ನಾವು ಮರುದಿನವೇ ಲಿಂಕ್ಡ್‌ಇನ್ ಅಪ್‌ಡೇಟ್ ಮಾಡ್ತೀವಿ.

ಖರ್ಚೇನಿದೆ ಅನ್ನೋದು ಊರು ಬಿಟ್ಟವನ ಪ್ರಶ್ನೆ ಅಂತ ನನಗೇ ಗೊತ್ತಿರಬೇಕಿತ್ತು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಮೂರೂ ಕಡೆ ಅಡಿಕೆ ತೋಟಗಳಿಗೆ ಹಳದಿ ಎಲೆ ರೋಗ ಬಡಿದು ಎಷ್ಟು ಕಾಲವಾಯ್ತು. ಅದರ ಮೇಲೆ ಈಗ ಎಲೆಚುಕ್ಕೆ. ಅವಳ ಮನೆಯ ಮುಕ್ಕಾಲು ಎಕರೆ ತೋಟದಲ್ಲಿ ಈಗ ನಿಂತಿರೋದು ಬರೀ ಕಂಬಗಳು. ಪಟ್ಟೆ ಬೀಳಲ್ಲ, ಹಾಳೆ ಬೀಳಲ್ಲ, ಕೊನೆ ಕೊಯ್ಯೋರನ್ನ ಕರೆಯೋ ಪ್ರಸಂಗವೇ ಇಲ್ಲ. ಹೊರಗಿನಿಂದ ನೋಡೋರಿಗೆ ಅವರು 'ತೋಟ ಇರೋರು'.

ಆರು ಸಾವಿರವನ್ನು 26 ಕೆಲಸದ ದಿನಕ್ಕೆ ಭಾಗಿಸಿ ನೋಡಿ. ದಿನಕ್ಕೆ 230 ರೂಪಾಯಿ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯಲ್ಲಿ ಇಂಗುಗುಂಡಿ ತೋಡಿದವರಿಗೆ ದಿನಕ್ಕೆ 316 ಇತ್ತು. 2025-26ರಲ್ಲಿ 370 ಆಯ್ತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ಹೊತ್ತು ಅಡುಗೆ ಮಾಡಿ ಹೋಗೋ ಅಕ್ಕನಿಗೆ ನಾನು ಆಗ ಕೊಡ್ತಿದ್ದದ್ದು ಏಳು ಸಾವಿರ. ಈ ಮೂರು ಅಂಕಿಗಳನ್ನ ಒಂದು ಶೀಟಿನಲ್ಲಿ ಹಾಕೋಕೆ ನನಗೆ ಎರಡು ವರ್ಷ ಬೇಕಾಯ್ತು.

ಗುಂಡಿ ತೋಡೋರಿಗೆ ಇರೋ ಕನಿಷ್ಠ ಕೂಲಿ ಟೀಚರಿಗೆ ಯಾಕಿಲ್ಲ ಅಂತ ಆವತ್ತು ರಾತ್ರಿ ಹುಡುಕ್ತಾ ಕೂತೆ. ಕಾರಣ ಸಿಕ್ಕಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎ. ಸುಂದರಾಂಬಾಳ್ ಅಂತ ಗೋವಾದ ಒಬ್ಬ ಶಿಕ್ಷಕಿ. ಕೆಲಸದಿಂದ ತೆಗೆದರು ಅಂತ ಕಾರ್ಮಿಕ ಕಾನೂನಿನ ಕೆಳಗೆ ನ್ಯಾಯ ಕೇಳಿದ್ದರು. 1988ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಹೇಳಿರೋ 'ಕಾರ್ಮಿಕ'ರಲ್ಲ ಅಂದಿತು. ಪಾಠ ಹೇಳೋದು ಗುಮಾಸ್ತಿಕೆಯೂ ಅಲ್ಲ, ಕೈಕೆಲಸವೂ ಅಲ್ಲ, ಅದೊಂದು ಶ್ರೇಷ್ಠ ವೃತ್ತಿ ಅನ್ನೋದು ಅಲ್ಲಿನ ತರ್ಕ. ಮುಂದೆ ಹರಿಯಾಣ ಸರ್ಕಾರ ಖಾಸಗಿ ಶಾಲೆಯ ಶಿಕ್ಷಕರಿಗೆ ಕನಿಷ್ಠ ವೇತನ ನಿಗದಿ ಮಾಡಿದಾಗ ಮಾನ್ಯತೆ ಇಲ್ಲದ ಶಾಲೆಗಳ ಸಂಘ ಕೋರ್ಟಿಗೆ ಹೋಯ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಇದೇ ತರ್ಕ ಹಿಡಿದು, 1948ರ ಕನಿಷ್ಠ ವೇತನ ಕಾಯ್ದೆ ಹೇಳೋ 'ಉದ್ಯೋಗಿ'ಯಲ್ಲಿ ಶಿಕ್ಷಕರು ಸೇರಲ್ಲ ಅಂದಿತು. ಅಂದರೆ ಆ ಕಾಯ್ದೆಯಲ್ಲಿ ಶಾಲೆಯ ಗುಮಾಸ್ತರಿಗೆ ಕನಿಷ್ಠ ಕೂಲಿ ಕೇಳೋ ಹಾದಿ ಇತ್ತು. ಪಕ್ಕದ ಕೋಣೆಯಲ್ಲಿ ಪಾಠ ಹೇಳೋರಿಗೆ ಇರಲಿಲ್ಲ, ಅವರು ತೀರಾ ಶ್ರೇಷ್ಠರು.

ಕೋರ್ಟುಗಳು ಆಮೇಲೆ ಬೇರೆ ಮಾತೂ ಆಡಿವೆ, ಅದನ್ನೂ ಹೇಳಬೇಕು. 2016ರ ಜಗಜಿತ್ ಸಿಂಗ್ ಪ್ರಕರಣದಲ್ಲಿ, ಖಾಯಂ ನೌಕರರು ಮಾಡೋ ಕೆಲಸವನ್ನೇ ಮಾಡೋ ತಾತ್ಕಾಲಿಕ ನೌಕರರಿಗೆ ಆ ವೇತನ ಶ್ರೇಣಿಯ ಕನಿಷ್ಠವನ್ನಾದರೂ ಕೊಡಬೇಕು ಅಂತ ಹೇಳಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣ ಬಂತು. ತಿಂಗಳಿಗೆ 30,000 ಪಡೀತಿದ್ದೋರು. ಸಭೆ ಸಮಾರಂಭದಲ್ಲಿ ಆ ಗುರು ಶ್ಲೋಕ ಹೇಳಿದರಷ್ಟೇ ಸಾಲದು, ನಂಬಿಕೆ ಇದ್ದರೆ ನಡೆಸಿಕೊಳ್ಳೋ ರೀತಿಯಲ್ಲಿ ಕಾಣಬೇಕು ಅಂತ ಸುಪ್ರೀಂ ಕೋರ್ಟ್ ಬರೆಯಿತು. ನಮ್ಮ ಗ್ರೂಪಿನಲ್ಲಿ ಆವತ್ತು ಬೆಳಗ್ಗೆ ಆ ಶ್ಲೋಕ ಒಂಬತ್ತು ಸಲ ಬಂದಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಅವಳಿಗೆ ಫೋನು ಮಾಡಿದೆ. ಹಿಂದೆ ಅಂಗಡಿಯ ಹಾಡು, ಯಾರೋ ಮೀಟರಿಗೆ ಎಷ್ಟು ಅಂತ ಕೇಳ್ತಿದ್ರು.

"ಎಂತದಾ, ಅಪರೂಪಕ್ಕೆ?"

"ಟೀಚರ್ಸ್ ಡೇ ಅಲ್ವನೇ."

"ಓ. ನಾನೀಗ ಬಿಲ್ಲಿಂಗು ಮಾರಾಯ" ಅಂತ ನಕ್ಕಳು. ಹದಿಮೂರು ಸಾವಿರವಂತೆ. ತಿಂಗಳ ಒಂದನೇ ತಾರೀಕು ಕೈಗೆ. ಗೌರಿ ಹಬ್ಬಕ್ಕೆ ಎಲ್ಲರಿಗೂ ಒಂದು ಸೀರೆ ಕೊಟ್ಟರಂತೆ.

"ಬಿಟ್ಟಿದ್ದು ಒಂದು ಮಾತು ಹೇಳಬಾರದಿತ್ತಾ?"

"ಹೆಡ್ ಮೇಷ್ಟ್ರಿಗೆ ಹೇಳಿದ್ನಲ್ಲ. ನಿಮಗೆಲ್ಲ ಎಷ್ಟು ಅಂತ ತೊಂದರೆ ಕೊಡೋದು." ಸ್ವಲ್ಪ ತಡೆದು, "ಫೆಬ್ರವರಿಯಿಂದ ನಿಮಗೂ ಕಷ್ಟ ಆಗಿತ್ತು ಅನ್ಸುತ್ತೆ. ಐಟೀಲಿ ಲೇಆಫ್ ಅಂತ ಟಿವೀಲಿ ಬರ್ತಿತ್ತು."

ನನಗೆ ಅರ್ಥವಾಗಲಿಲ್ಲ. ಫೋನ್ ಇಟ್ಟ ಮೇಲೆ ಬ್ಯಾಂಕ್ ಆ್ಯಪ್ ತೆರೆದೆ. ಎಲ್ಲರೂ ನನ್ನ ಖಾತೆಗೆ ಹಾಕೋದು, ಅಲ್ಲಿಂದ ತಿಂಗಳ ಐದನೇ ತಾರೀಕು ತಾನಾಗೇ ಅವಳ ಖಾತೆಗೆ ಹೋಗೋ ಹಾಗೆ ನಾನೇ ಸೆಟ್ ಮಾಡಿದ್ದೆ. ಅದರ ಅವಧಿ ಜನವರಿ 31ಕ್ಕೆ ಮುಗಿದಿತ್ತು. ಫೆಬ್ರವರಿ, ಮಾರ್ಚ್, ಎರಡು ತಿಂಗಳು ದುಡ್ಡು ಹೋಗಿಲ್ಲ. ಹನ್ನೆರಡು ಸಾವಿರ ನನ್ನ ಖಾತೆಯಲ್ಲೇ ಇದೆ. ಆ ಎರಡು ತಿಂಗಳು ಅವಳು ದಿನಾ ಶಾಲೆಗೆ ಹೋಗಿದ್ದಾಳೆ. ಮಾರ್ಚ್ ಕೊನೆಗೆ ಯುಕೆಜಿ ಮಕ್ಕಳ ಕೈಲಿ ಹಾಡು ಹೇಳಿಸಿ ಗ್ರೂಪಿಗೆ ವಿಡಿಯೋ ಹಾಕಿದ್ದಾಳೆ. ನಾನು ಅದಕ್ಕೆ ಚಪ್ಪಾಳೆ ಎಮೋಜಿ ಹಾಕಿದ್ದೀನಿ.

ಸರ್ಕಾರ ಅತಿಥಿ ಶಿಕ್ಷಕರಿಗೆ ನಾಲ್ಕು ತಿಂಗಳಿಂದ ಗೌರವಧನ ಕೊಟ್ಟಿಲ್ಲ ಅನ್ನೋ ಸುದ್ದಿಯನ್ನು ಅದೇ ಫೆಬ್ರವರಿಯಲ್ಲಿ ಸಿಟ್ಟಿನ ಸಾಲು ಬರೆದು ಹಂಚಿಕೊಂಡವನೂ ನಾನೇ. ಆ ಪೋಸ್ಟು ಇನ್ನೂ ಇದೆ.

ಸಂಜೆ ಮತ್ತೆ ಫೋನು ಮಾಡಿ, ತಪ್ಪಾಯ್ತು, ಯಾಕೆ ಕೇಳಲಿಲ್ಲ ಅಂದೆ. ಅವಳು ಏನೂ ಯೋಚನೆ ಮಾಡದೆ ಹೇಳಿದ ಮಾತಿದು: "ಕೇಳೋದು ಹೇಗಾ? ಅದು ಗೌರವಧನ ಅಲ್ವಾ. ಸಂಬಳ ಆಗಿದ್ರೆ ಕೇಳ್ತಿದ್ದೆ."

ಈ ಮಾತು ನನ್ನ ತಲೆಯಿಂದ ಹೋಗ್ತಿಲ್ಲ. ಅವಳು ವ್ಯಂಗ್ಯಕ್ಕೆ ಹೇಳಿದ್ದಲ್ಲ. ಬಟ್ಟೆ ಅಂಗಡಿಯಲ್ಲಿ ಎರಡು ದಿನ ತಡವಾದರೆ ಅವಳು ಮಾಲೀಕರ ಹತ್ತಿರ ಹೋಗಿ ಕೇಳ್ತಾಳೆ. ನಮ್ಮನ್ನು ಕೇಳಿದರೆ ತಾನು ಸಣ್ಣವಳಾಗ್ತೀನಿ ಅನ್ನಿಸಿದೆ. ಅವಳ ದುಡಿಮೆಗೆ ನಾವು ಕೊಡ್ತಿದ್ದದ್ದಕ್ಕೆ ಗೌರವ ಅಂತ ಹೆಸರಿಟ್ಟು, ಕೇಳೋ ಬಾಯಿಯನ್ನೇ ಕಟ್ಟಿದ್ವಿ.

ಇದೇನು ಹೊಸತೂ ಅಲ್ಲ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಹಿಂದೆ ಘಟ್ಟದ ಕೆಳಗಿನಿಂದ ಐಗಳು ಬರ್ತಿದ್ದರು. ಮನೆಯಲ್ಲೇ ಊಟ, ಜಗಲಿಯಲ್ಲೇ ಪಾಠ, ಕೊಟ್ಟಷ್ಟು ಕಾಣಿಕೆ. ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರಿಗೂ ಕುಪ್ಪಳಿಯ ಮನೆಯಲ್ಲಿ ಮೊದಲ ಪಾಠ ಹೇಳಿದ್ದು ಹೀಗೆ ದಕ್ಷಿಣ ಕನ್ನಡದಿಂದ ಬಂದ ಮೇಷ್ಟ್ರು. ಆ ಮೇಷ್ಟ್ರ ಹೊಟ್ಟೆಪಾಡು ಆ ಮನೆಯ ಯಜಮಾನರ ಮರ್ಜಿ. ಸರ್ಕಾರಿ ಶಾಲೆ, ಸರ್ಕಾರಿ ಸಂಬಳ ಬಂದದ್ದೇ ಆ ಮರ್ಜಿಯಿಂದ ಮೇಷ್ಟ್ರನ್ನ ಬಿಡಿಸೋಕೆ ಅಂತ ನಾನು ತಿಳಿದಿದ್ದೆ. ಈಗ ಹದಿನಾಲ್ಕು ಜನ ಜೂಮ್‌ನಲ್ಲಿ ಕೂತು ಯಜಮಾನಿಕೆ ಮಾಡ್ತಿದೀವಿ. ವ್ಯತ್ಯಾಸ ಅಂದ್ರೆ ನಾವು ಊಟ ಹಾಕಲ್ಲ.

ನಮ್ಮ ಆಫೀಸಿನಲ್ಲಿ ಮಕ್ಕಳಿಗೆ ಮೂರು ವರ್ಷ ಆಗ್ತಿದ್ದ ಹಾಗೇ ಶೃಂಗೇರಿಗೆ ಹೊರಡ್ತಾರೆ, ಶಾರದೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸೋಕೆ. ಯಾವ ರೂಟು ಒಳ್ಳೇದು ಅಂತ ನನ್ನನ್ನೇ ಕೇಳ್ತಾರೆ. ಚಿಕ್ಕಮಗಳೂರು ದಾಟಿ ಬಾಳೆಹೊನ್ನೂರು, ಜಯಪುರ, ಶೃಂಗೇರಿ ಅಂತ ಹೇಳ್ತೀನಿ. ಎನ್.ಆರ್.ಪುರ, ಕೊಪ್ಪ, ಶೃಂಗೇರಿ, ಮೂರು ತಾಲೂಕೂ ಆ ದಾರಿಯಲ್ಲಿ ಸಿಗುತ್ತವೆ. ಮೂರೂ ಒಂದೇ ವಿಧಾನಸಭಾ ಕ್ಷೇತ್ರದೊಳಗೆ. ದಾರಿಯಲ್ಲಿ ಹಳದಿ ಸುಣ್ಣದ ಸಣ್ಣ ಸಣ್ಣ ಶಾಲೆಗಳೂ ಸಿಗುತ್ತವೆ. ಫೋಟೋಗೆ ಚೆನ್ನಾಗಿರುತ್ತೆ ಅಂತ ಒಬ್ಬ ಕೊಲೀಗು ಕಾರು ನಿಲ್ಲಿಸಿ ಮಗುವನ್ನು ಅಲ್ಲಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಬಂದಿದ್ದ. ನನಗದು ಬೇಜಾರಾಗಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯೇ ಆಯ್ತು. ಮಗುವಿನ ಕೈಹಿಡಿದು ತಟ್ಟೆಯ ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಸೋದು ನಮಗೆ ಅಷ್ಟು ದೊಡ್ಡದು. ಎರಡನೇ ಅಕ್ಷರದಿಂದ ಮುಂದಿನದ್ದಕ್ಕೆ ದಿನಕ್ಕೆ 230 ರೂಪಾಯಿ.

ಸರ್ಕಾರದ ಹತ್ತಿರ ದುಡ್ಡಿಲ್ವಾ ಅಂತ ಗ್ರೂಪಿನಲ್ಲಿ ಚರ್ಚೆ ಆಯ್ತು. 2025-26ರ ರಾಜ್ಯ ಬಜೆಟ್‌ನಲ್ಲಿ ಶಿಕ್ಷಣಕ್ಕೆ 45,286 ಕೋಟಿ, ಒಟ್ಟು ಬಜೆಟ್‌ನ ಹತ್ತನೇ ಒಂದು ಪಾಲು. ದೊಡ್ಡ ಮೊತ್ತವೇ. ಆದರೆ ನಾನೇ ಒಂದು ಗುಣಾಕಾರ ಮಾಡಿದೆ. 51,000 ಜನರಿಗೆ ತಿಂಗಳಿಗೆ ತಲಾ ಹತ್ತು ಸಾವಿರ ಹೆಚ್ಚು ಕೊಟ್ಟರೆ, ಹತ್ತು ತಿಂಗಳಿಗೆ 510 ಕೋಟಿ. ಆ 45 ಸಾವಿರ ಕೋಟಿಯಲ್ಲಿ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಕೊಡೋಕೆ ಆಗದ ದುಡ್ಡಲ್ಲ ಅದು. ಅತಿಥಿ ಅನ್ನೋ ಹೆಸರಿನಲ್ಲಿ ಅಷ್ಟಕ್ಕೇ ಜನ ಸಿಗ್ತಾರೆ, ಹಾಗಾಗಿ ಕೊಡಲ್ಲ. ಆರು ಸಾವಿರಕ್ಕೆ ನಮಗೂ ಸಿಕ್ಕಿದ್ದಳಲ್ಲ.

"ನಾವು ಕೊಡೋದು ನಿಲ್ಲಿಸಿದರೇ ಸರ್ಕಾರಕ್ಕೆ ಬುದ್ಧಿ ಬರೋದು" ಅಂತ ಟೊರೊಂಟೊದವನು ಉದ್ದ ಬರೆದ. ತತ್ವಕ್ಕೆ ಸರಿ. ಆದರೆ ಜೂನಿನಿಂದ ಈಚೆಗೆ ನಮ್ಮ ಶಾಲೆಯಿಂದ ಇನ್ನೂ ನಾಲ್ಕು ಮಕ್ಕಳು ವ್ಯಾನಿಗೆ ಹೋಗಿದ್ದಾರೆ. ಸರ್ಕಾರಕ್ಕೆ ಬುದ್ಧಿ ಬರೋ ಹೊತ್ತಿಗೆ ಶಾಲೆ ಇರಬೇಕಲ್ಲ.

ಬಾಕಿ ಹನ್ನೆರಡು ಸಾವಿರವನ್ನು ಆವತ್ತೇ ಕಳಿಸಿದೆ. ಜೊತೆಗೆ ಇನ್ನಷ್ಟು ಸೇರಿಸೋಣ ಅಂತ ಕೈ ಹೋಗಿತ್ತು, ಬೇಡ ಅನ್ನಿಸಿತು. ಬಾಕಿ ಬಾಕಿಯಾಗಿಯೇ ಹೋಗಲಿ. ಅವಳಿಂದ "ಮುಟ್ಟಿತು" ಅಂತ ಒಂದೇ ಪದ ಬಂತು. ರಾತ್ರಿ ಹತ್ತಕ್ಕೆ ಇನ್ನೊಂದು ಮೆಸೇಜು: "ಒಂದನೇ ಕ್ಲಾಸಲ್ಲಿ ಮೇಲಿನಕೇರಿ ಹುಡುಗಿ ಒಬ್ಬಳಿದ್ದಾಳೆ. ಬೋರ್ಡ್ ಕಾಣಲ್ಲ ಅವಳಿಗೆ, ಕನ್ನಡಕ ಬೇಕು. ಹೊಸದಾಗಿ ಯಾರು ಬಂದ್ರೂ ಮುಂದೆ ಕೂರಿಸೋಕೆ ಹೇಳು."

ಕಳೆದ ಭಾನುವಾರ ಹೊಸ ಶೀಟು ಮಾಡಿ ಗ್ರೂಪಿಗೆ ಹಾಕಿದೆ. ಕಾಲಂನ ಮೇಲೆ 'ಗೌರವಧನ' ಅಂತಿದ್ದದ್ದನ್ನು ತೆಗೆದು 'ಸಂಬಳ' ಅಂತ ಬರೆದೆ. ಮೊತ್ತ 15,000. ಹತ್ತು ಕಾಲಂ ಇದ್ದ ಕಡೆ ಹನ್ನೆರಡು. ನನ್ನ ಹಳೇ ಶೀಟನ್ನೂ ಪಕ್ಕದಲ್ಲೇ ಬಿಟ್ಟಿದ್ದೀನಿ, ಯಾರು ಬೇಕಾದರೂ ನೋಡಲಿ. "ಅಷ್ಟಾ?" ಅಂತ ಒಬ್ಬರು ಕೇಳಿದರು. ಇಬ್ಬರು ಗ್ರೂಪು ಬಿಟ್ಟರು. ಆ ದುಬೈಯವನು ಏನೂ ಮಾತಾಡದೆ ತನ್ನ ಹೆಸರಿನ ಮುಂದೆ ಹನ್ನೆರಡು ಕಾಲಂನಲ್ಲೂ 2,000 ತುಂಬಿಸಿದ. ಇವತ್ತಿನವರೆಗೆ ಹನ್ನೊಂದು ಜನ ಬರೆದಿದ್ದಾರೆ. ಅವರಲ್ಲಿ ಏಳು ಜನ ಏಪ್ರಿಲ್ ಮತ್ತು ಮೇ ಖಾಲಿ ಬಿಟ್ಟಿದ್ದಾರೆ. ಒಬ್ಬೊಬ್ಬರಿಗೇ ಫೋನು ಮಾಡ್ತಾ ಇದ್ದೀನಿ.